ಕರೆಂಟು ಹೋದಾಗ ಓದಿದ ಕಾದಂಬರಿ

ಕೊರೊನಾದ ಎರಡನೇ ಅಲೆಯಲ್ಲಿ ನನ್ನ ಮೈದುನ ಚಂದ್ರು ತೀರಿಕೊಂಡ. ನಾನು ಈಗ ಹೇಳಹೊರಟಿರುವುದು ಅದಾಗಿ ಮೂರು ವರ್ಷ ಕಳೆದ ಮೇಲಿನ ಬೇಸಿಗೆಯ ಮಾತು.

ನಮ್ಮ ಮನೆ ದೊಡ್ಡಬಳ್ಳಾಪುರದಲ್ಲಿ. ಮನೆಗೆ ಅಂಟಿಕೊಂಡೇ ಶೆಡ್ಡು, ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್. ಮಗ್ಗ ಓಡುತ್ತಿದ್ದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. ನಾನು ಆವತಿಯ ಹೊಲದ ಮನೆಯಲ್ಲಿ ಬೆಳೆದವಳು. ಮದುವೆಯಾಗಿ ಬಂದ ಹೊಸತರಲ್ಲಿ ಈ ಸದ್ದಿಗೆ ತಲೆ ಕೆಟ್ಟು ಅತ್ತದ್ದೂ ಉಂಟು. ಈಗ ಸದ್ದು ನಿಂತರೆ ಏನೋ ಆಗಿದೆ ಎಂದು ಗಾಬರಿಯಾಗುತ್ತದೆ.

ಆ ಬೇಸಿಗೆಯಲ್ಲಿ ದಿನಾ ಮಧ್ಯಾಹ್ನ ಎರಡು ಗಂಟೆಗೆ ಕರೆಂಟು ಹೋಗುತ್ತಿತ್ತು. ನಾಲ್ಕೂ ಮಗ್ಗ ಒಟ್ಟಿಗೆ ನಿಲ್ಲುತ್ತಿದ್ದವು. ನಮ್ಮವರು ಮಂಜುನಾಥ ಶೆಡ್ಡಿನ ಬಾಗಿಲಲ್ಲಿ ಚಾಪೆ ಹಾಸಿ ಗೊರಕೆ ಹೊಡೆಯಲು ಶುರು ಮಾಡುತ್ತಿದ್ದರು. ನಾವು ಹೆಂಗಸರು ನಡುಮನೆಯಲ್ಲಿ ಸೇರುತ್ತಿದ್ದೆವು. ಅದು ನಮ್ಮ ಕಾದಂಬರಿಯ ಹೊತ್ತು. ಓದುವವಳು ನಾನು. ಹೈಸ್ಕೂಲಿನಲ್ಲಿ ನಾಟಕದ ಬಹುಮಾನ ತೆಗೆದುಕೊಂಡವಳೆಂಬ ಕೊಬ್ಬು ನನಗೆ ಇಂದಿಗೂ ಇದೆ. ನಾಯಕನಿಗೆ ದಪ್ಪ ಗಂಟಲು, ನಾಯಕಿಗೆ ನನ್ನದೇ ಗಂಟಲು, ಕೆಟ್ಟ ಅತ್ತೆಯರಿಗೆಲ್ಲ ಮೂಗಿನಲ್ಲಿ ಮಾತು. ಕೇಳುವವರು ಮೂವರು. ನನ್ನ ಅತ್ತೆ ರತ್ನಮ್ಮ, ಅವರಿಗೆ ಓದು ಬರಹ ಇಲ್ಲ. ಎದುರು ಮನೆಯ ಪುಟ್ಟತಾಯಮ್ಮ, ಅವರಿಗೆ ಓದಲು ಬಂದರೂ ಕನ್ನಡಕ ಹಾಕಿಕೊಳ್ಳಲು ಸೋಮಾರಿತನ. ಮತ್ತೆ ಚಂದ್ರುವಿನ ಹೆಂಡತಿ, ನನ್ನ ಓರಗಿತ್ತಿ ಸುಮಾ.

ಸುಮಾ ಸುಮ್ಮನೆ ಕೂತು ಕೇಳುತ್ತಿರಲಿಲ್ಲ. ಲಾಳಿಯೊಳಗೆ ಕೂರಿಸುವ ಸಣ್ಣ ಕಡ್ಡಿಗೆ ನೂಲು ಸುತ್ತಬೇಕು, ಅದಕ್ಕೆ ಕಂಡಿಕೆ ಅನ್ನುತ್ತೇವೆ. ಕೈರಾಟೆಗೆ ಕರೆಂಟು ಬೇಡವಲ್ಲ, ಅವಳು ಗೋಡೆಗೆ ಒರಗಿ ರಾಟೆ ತಿರುಗಿಸುತ್ತ, ಕಂಡಿಕೆ ಸುತ್ತುತ್ತ ಕೇಳುತ್ತಿದ್ದಳು. ಆಗ ಅವಳಿಗೆ ಇಪ್ಪತ್ತೆಂಟು. ಚಂದ್ರು ಹೋದಾಗ ಅವಳ ಅಣ್ಣ ಜಡಿಗೇನಹಳ್ಳಿಯಿಂದ ಕರೆದೊಯ್ಯಲು ಬಂದಿದ್ದ. ಅತ್ತೆ ಅವಳ ಕೈ ಹಿಡಿದುಕೊಂಡು, "ನೀನೂ ಹೊರಟೋದ್ರೆ ನನ್ ಮಗ ಪೂರ್ತಿ ಹೋದಂಗೆ ಕಣೇ" ಎಂದು ಅತ್ತುಬಿಟ್ಟರು. ಅವಳು ಬ್ಯಾಗು ಒಳಗಿಟ್ಟಳು. ಅಣ್ಣ ಒಬ್ಬನೇ ವಾಪಸು ಹೋದ.

ನಮ್ಮ ಓದು ಎಂದರೆ ಬರೀ ಓದಲ್ಲ, ಜಗಳ. ಕಾದಂಬರಿಯೊಳಗಿನ ಜನ ಇದೇ ಬೀದಿಯಲ್ಲಿ ಮನೆ ಮಾಡಿಕೊಂಡಿದ್ದಾರೇನೋ ಎಂಬಂತೆ ಅತ್ತೆ, ಪುಟ್ಟತಾಯಮ್ಮ ಮಾತಾಡುತ್ತಿದ್ದರು. "ಆ ಮೈದುನನ್ನ ನಂಬಬೇಡ ಅಂತ ನಿನ್ನೆನೇ ಬಡ್ಕೊಂಡೆ" ಎಂದು ಅತ್ತೆ ನಾಯಕಿಯನ್ನು ಬೈಯುವರು. ಒಂದು ಕಾದಂಬರಿಯಲ್ಲಿ ಹೆಂಡತಿಯ ಅಡುಗೆಯನ್ನು ಒಂದು ದಿನವೂ ಹೊಗಳದ ಗಂಡನೊಬ್ಬ ಬಂದ. ಪುಟ್ಟತಾಯಮ್ಮ ಇದ್ದಕ್ಕಿದ್ದಂತೆ, "ಒಂದ್ಸಲ ಚೆನ್ನಾಗೈತೆ ಅಂದಿದ್ರೆ ಅವನ ಗಂಟೇನು ಹೋಗ್ತಿತ್ತು!" ಎಂದು ಗಟ್ಟಿಯಾಗಿ ಅತ್ತರು. ಅದು ತೀರಿಹೋದ ಅವರ ಯಜಮಾನರಿಗೆ ಹೇಳಿದ್ದು ಎಂದು ನಮಗೆಲ್ಲ ಗೊತ್ತಾಯಿತು. ತಮ್ಮ ಮನೆಯ ಮಾತನ್ನು ಬಾಯಿಬಿಟ್ಟು ಹೇಳಲಾರದವರು ಕಾದಂಬರಿಯವರ ಹೆಸರಿನಲ್ಲಿ ಹೇಳಿ ಹಗುರಾಗುತ್ತಾರೆ ಎಂದು ನನಗೆ ಅವತ್ತೇ ತಿಳಿಯಬೇಕಿತ್ತು. ನಾನೋ, ನನ್ನ ಗಂಟಲಿನ ಚಂದ ನೋಡಿಕೊಳ್ಳುವುದರಲ್ಲಿ ಮುಳುಗಿದ್ದೆ.

ಒಂದು ದಿನ ಸುಮಾ ಲೈಬ್ರರಿಯಿಂದ ಒಂದು ಹಳೇ ಕಾದಂಬರಿ ತಂದು ನನ್ನ ಮಡಿಲಿಗೆ ಹಾಕಿದಳು. ಮುಖಪುಟ ಹರಿದುಹೋಗಿತ್ತು. ಹೆಸರೂ ಇಲ್ಲ, ಬರೆದವರು ಯಾರೆಂದೂ ಗೊತ್ತಿಲ್ಲ.

"ಅಕ್ಕ, ಈ ಸಲ ಇದನ್ನ ಓದಿ. ಅತ್ತೆಗೆ ಹಿಡಿಸ್ಬೋದು."

ಹತ್ತು ದಿನ ಓದಿದೆ. ಕಥೆ ಚೆನ್ನಾಗಿಯೇ ಎಳೆದುಕೊಂಡು ಹೋಗುತ್ತಿತ್ತು. ವಸುಮತಿ ಎಂಬ ಹುಡುಗಿ, ಗಂಡ ಅಪಘಾತದಲ್ಲಿ ಹೋಗಿದ್ದಾನೆ. ಅವಳು ಅತ್ತೆ ಪದ್ಮಾವತಮ್ಮನ ಜೊತೆಯಲ್ಲೇ ಇದ್ದುಕೊಂಡು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಶ್ರೀಧರ ಎಂಬ ಡಾಕ್ಟರಿಗೆ ಅವಳ ಮೇಲೆ ಮನಸ್ಸು. ಕಥೆ ಎತ್ತ ಹೊರಟಿದೆ ಎಂದು ನನಗೆ ಅಂದಾಜಾಗಬೇಕಿತ್ತು. ಡಾಕ್ಟರ ಗಂಟಲು ಮಾಡುವ ಸಡಗರದಲ್ಲಿ ಆಗಲಿಲ್ಲ.

ಹನ್ನೊಂದನೇ ದಿನ. ಪದ್ಮಾವತಮ್ಮ ಮಗನ ಫೋಟೋಗೆ ಹೂವಿನ ಹಾರ ಹಾಕುವುದನ್ನು ಓದುತ್ತಿದ್ದೆ. ನಮ್ಮತ್ತೆ ಎಲೆಅಡಿಕೆ ಅಗಿಯುವುದು ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಮ್ಮ ಗೋಡೆಯ ಮೇಲೂ ಚಂದ್ರುವಿನ ಫೋಟೋ ಇದೆಯಲ್ಲ. ಅಷ್ಟರಲ್ಲಿ ನನ್ನ ಕಣ್ಣು ಪುಟದ ಕೆಳಗಡೆಗೆ ಓಡಿತು. ವಸುಮತಿ ಅತ್ತೆಯ ಕಾಲ ಬಳಿ ಕೂತು, 'ಅತ್ತೆ, ನನಗೆ ಇನ್ನೊಂದು ಸಲ ಬದುಕಬೇಕು ಅನ್ನಿಸಿದೆ, ನಿಮ್ಮ ಅಪ್ಪಣೆ ಬೇಕು' ಎಂದು ಕೇಳುತ್ತಾಳೆ.

ಅಯ್ಯೋ ದೇವರೇ, ಇದನ್ನು ಹೇಗೆ ಓದಲಿ? ಮಗನನ್ನು ಕಳೆದುಕೊಂಡ ತಾಯಿ ಈ ಕಡೆ, ಅವನ ಹೆಂಡತಿ ಆ ಕಡೆ, ನಡುವೆ ಪುಸ್ತಕ ಹಿಡಿದು ನಾನು. ಅತ್ತೆಯ ಎದೆ ಒಡೆದುಹೋಗುತ್ತದೆ ಅನ್ನಿಸಿತು. ಸುಮಾಗೂ ಮುಖ ಎತ್ತಲಾಗದು ಅನ್ನಿಸಿತು. ಪುಸ್ತಕದಿಂದ ಕಣ್ಣು ತೆಗೆಯದೆ ನನ್ನದೇ ಕಥೆ ಕಟ್ಟಿ ಹೇಳತೊಡಗಿದೆ. ವಸುಮತಿ ಡಾಕ್ಟರಿಗೆ ಕಾಗದ ಬರೆದಳು. 'ನನ್ನ ಪಾಲಿನ ಸಂಸಾರ ಮುಗಿಯಿತು, ಅತ್ತೆಯ ಸೇವೆಯೇ ನನ್ನ ಬಾಳು, ನನ್ನನ್ನು ಮರೆತುಬಿಡಿ.' ಶ್ರೀಧರ ಅತ್ತುಕೊಂಡು ಊರು ಬಿಟ್ಟ. ಅತ್ತೆ ಸೊಸೆ ಸುಖವಾಗಿದ್ದರು. ಹೀಗೆಂದು ಪುಸ್ತಕ ಮುಚ್ಚಿದೆ.

"ಅಂಗಿರ್ಬೇಕು ನೋಡು ಹೆಣ್ಣು ಅಂದ್ರೆ" ಅಂದರು ಪುಟ್ಟತಾಯಮ್ಮ.

ಅತ್ತೆ ಮಾತ್ರ, "ಮುಗೀತಾ? ಇನ್ನೂ ಅಷ್ಟು ಹಾಳೆ ಐತಲ್ಲೇ?" ಎಂದರು.

"ಅದು ಬೇರೆ ಕಥೆ ಅತ್ತೆ. ಒಂದೇ ಪುಸ್ತಕದಲ್ಲಿ ಎರಡು ಕಥೆ ಹಾಕವ್ರೆ" ಎಂದು ಲೀಲಾಜಾಲವಾಗಿ ಸುಳ್ಳು ಹೇಳಿದೆ. ಸುಮಾಳ ರಾಟೆ ಯಾವಾಗಲೋ ನಿಂತಿತ್ತು. "ತಲೆ ನೋಯ್ತಿದೆ ಅಕ್ಕ" ಎಂದು ಎದ್ದು ಒಳಗೆ ಹೋದಳು. ಬಿಸಿಲಿಗೆ ಇರಬೇಕು ಅಂದುಕೊಂಡೆ. ದೊಡ್ಡ ಗಂಡಾಂತರವೊಂದನ್ನು ತಪ್ಪಿಸಿದೆ ಎಂದು ಒಳಗೊಳಗೇ ಬೀಗುತ್ತ ಕಾಫಿಗೆ ಇಟ್ಟೆ.

ಅಲ್ಲಿಂದ ಸುಮಾ ನಮ್ಮ ಜೊತೆ ಕೂರುವುದು ಬಿಟ್ಟಳು. ಮಾತಾಡಿಸಿದರೆ ಹ್ಞೂ, ಊಹ್ಞೂ ಅಷ್ಟೇ. ಆ ವಾರ ಎರಡನೇ ಮಗ್ಗದಲ್ಲಿ ಸೀರೆಗೆ ಚಿತ್ತಾರ ಎತ್ತುವ ಜಕಾರ್ಡ್ ಕೆಟ್ಟಿತು. ನಮ್ಮ ಮಗ್ಗಗಳನ್ನು ಯಾವಾಗಲೂ ರಿಪೇರಿ ಮಾಡುವವನು ಪ್ರಕಾಶ. ಒಳ್ಳೆ ಕೆಲಸಗಾರ, ತಂಗಿಯರ ಮದುವೆ ಮಾಡುವುದರಲ್ಲಿ ತಾನು ಮದುವೆಯಾಗದೆ ಉಳಿದವನು. ನಮ್ಮವರು ಫೋನು ಮಾಡಿದರೆ, ಇನ್ನು ಆ ಕಡೆ ಬರುವುದಿಲ್ಲ, ಬೇರೆಯವರನ್ನು ಕಳಿಸುತ್ತೇನೆ ಅಂದನಂತೆ. "ಏನಾಯ್ತೋ ಅವ್ನಿಗೆ, ನಾನೇನು ಅಂದೆ?" ಎಂದು ನಮ್ಮವರು ಎರಡು ದಿನ ಗೊಣಗಿದರು. ಇಷ್ಟೊಂದು ಕಾದಂಬರಿ ಓದಿ ಬಿಸಾಡಿದ ನನಗೆ ಆಗಲೂ ಏನೂ ಹೊಳೆಯಲಿಲ್ಲ.

ಮರುವಾರ ಒಂದು ಬೆಳಿಗ್ಗೆ ಬಟ್ಟೆ ಮಡಚಿಡಲು ಸುಮಾಳ ಕೋಣೆಗೆ ಹೋದೆ. ಅವಳು ದೊಡ್ಡ ಬ್ಯಾಗಿಗೆ ಸೀರೆಗಳನ್ನು ತುಂಬುತ್ತಿದ್ದಳು. ಒಂದೆರಡಲ್ಲ, ಎಲ್ಲವನ್ನೂ.

"ಇದೇನೇ ಇದು?"

"ಜಡಿಗೇನಹಳ್ಳಿಗೆ ಹೋಗ್ತೀನಿ ಅಕ್ಕ. ನಾಲ್ಕು ಗಂಟೆಗೆ ಹೊಸಕೋಟೆ ಬಸ್ಸಿದೆ. ಅಣ್ಣಂಗೆ ಫೋನ್ ಮಾಡಿದೀನಿ."

"ಎಷ್ಟು ದಿನಕ್ಕೆ?"

ಅವಳು ಇನ್ನೊಂದು ಸೀರೆ ಮಡಚಿದಳು. ನಾನು ಅದನ್ನು ಕಿತ್ತುಕೊಂಡು, "ಅತ್ತೆ ಏನಾದ್ರೂ ಅಂದ್ರಾ? ನಾನೇನಾದ್ರೂ ಅಂದ್ನಾ?" ಎಂದು ಕೇಳಿದೆ.

ಆಗ ಅವಳು ನನ್ನನ್ನು ನೇರವಾಗಿ ನೋಡಿದಳು. "ಅಕ್ಕ, ಆ ಪುಸ್ತಕ ನಾನು ಮೊದ್ಲೇ ಎರಡು ಸಲ ಓದಿದೀನಿ."

ಅವಳು ನನ್ನ ಕೈಯಿಂದ ಸೀರೆ ವಾಪಸು ತೆಗೆದುಕೊಂಡಳು.

"ಪ್ರಕಾಶ್ ನನ್ನ ಮದುವೆ ಆಗ್ತೀಯಾ ಅಂತ ಕೇಳಿ ಆರು ತಿಂಗಳಾಯ್ತು. ಅತ್ತೆ ಒಪ್ಪಿದ್ರೆ ಮಾತ್ರ ಅಂದಿದ್ದೆ. ಅವ್ರನ್ನ ಕೇಳೋಕೆ ನಂಗೆ ಬಾಯಿಲ್ಲ. ಆ ವಸುಮತಿ ಕೇಳ್ತಾಳಲ್ಲ, ಆಗ ಅತ್ತೆ ಮುಖ ಹೆಂಗಾಗುತ್ತೆ ಅಂತ ನೋಡ್ಬೇಕಿತ್ತು. ಅಷ್ಟೇ ನಂಗೆ ಬೇಕಾಗಿದ್ದಿದ್ದು. ಅವ್ರು ಅವಳನ್ನ ಬೈದಿದ್ರೆ ಸುಮ್ನೆ ಇದ್ಬಿಡ್ತಿದ್ದೆ. ಅವ್ರಿಗಿಂತ ಮುಂಚೆ ನೀವೇ ಬೇಡ ಅಂದ್ಬಿಟ್ರಿ."

"ನಾನೆಲ್ಲೇ ಬೇಡ ಅಂದೆ! ಅತ್ತೆಗೆ ಸಂಕಟ ಆಗುತ್ತೆ ಅಂತ..."

"ಪುಸ್ತಕದಲ್ಲಿ ಇಲ್ದೆ ಇರೋ ಮಾತು ನಿಮ್ಮ ಬಾಯಿಗೆ ಎಲ್ಲಿಂದ ಬಂತಕ್ಕ? ಮನಸ್ಸಲ್ಲಿ ಇದ್ದಿದ್ದೇ ತಾನೇ ಬರೋದು? ಪ್ರಕಾಶ್‌ಗೂ ಅದೇ ದಿನ ಬೇಡ ಅಂತ ಹೇಳ್ದೆ. ಇನ್ನು ಈ ಮನೇಲಿ ಏನೂ ಆಗ್ದೋರ ಥರ ಇರೋಕೆ ನಂಗೆ ಆಗಲ್ಲ."

ನಾನು ಮಂಚದ ಮೇಲೆ ಕೂತೆ. ಅತ್ತೆಯ ಸಂಕಟ ತಪ್ಪಿಸಬೇಕೆಂದಿದ್ದೇನೋ ನಿಜ. ಆದರೆ ಅಷ್ಟೇನಾ? ಅವಳು ಹೋದರೆ ಕಂಡಿಕೆಯೂ ಅಡುಗೆಯೂ ನನ್ನೊಬ್ಬಳ ತಲೆಗೇ ಬೀಳುತ್ತದೆ ಎಂಬುದು ಎಲ್ಲೋ ಮೂಲೆಯಲ್ಲಿ ಇರಲಿಲ್ಲವೇ? ಬೀದಿಯವರು ಏನಂದುಕೊಂಡಾರು ಎಂಬುದು ಇರಲಿಲ್ಲವೇ? ಇತ್ತು. ಬರೆಯಲು ಇವತ್ತೂ ನಾಚಿಕೆಯಾಗುತ್ತದೆ.

"ಎರಡು ಗಂಟೆ ತನಕ ಇರು. ಕರೆಂಟ್ ಹೋಗ್ಲಿ. ಇದ್ದಿದ್ದನ್ನ ಇದ್ದ ಹಾಗೆ ಓದ್ತೀನಿ. ಆಮೇಲೆ ಏನು ಬೇಕಾದ್ರೂ ಮಾಡು" ಎಂದು ಅವಳ ಕೈ ಹಿಡಿದುಕೊಂಡೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

ಎರಡು ಗಂಟೆಯಾಯಿತು. ಕರೆಂಟು ಹೋಗಲಿಲ್ಲ. ಇಡೀ ಬೇಸಿಗೆ ಒಂದು ದಿನವೂ ತಪ್ಪದೆ ಹೋಗಿದ್ದು ಅವತ್ತು ಹೋಗಲೇ ಇಲ್ಲ. ಎರಡೂವರೆಯಾಯಿತು. ನಾಲ್ಕೂ ಮಗ್ಗ ದಡದಡ ಅನ್ನುತ್ತಿದ್ದವು. ಪುಟ್ಟತಾಯಮ್ಮ ಬಾಗಿಲಿಗೆ ಬಂದು, ಕರೆಂಟಿದೆ ಎಂದು ನೋಡಿ ವಾಪಸು ಹೋಗಿದ್ದರು. ಮೂರು ಗಂಟೆಗೆ ಸುಮಾ ಮುಖ ತೊಳೆದು ಸೀರೆ ಬದಲಾಯಿಸಿ ಬ್ಯಾಗು ಹಿಡಿದು ನಡುಮನೆಗೆ ಬಂದಳು. ಅತ್ತೆ ಅವಳ ಬ್ಯಾಗು ನೋಡಿ ಏನೋ ಕೇಳಿದರು. ಮಗ್ಗದ ಸದ್ದಿಗೆ ಒಂದು ಅಕ್ಷರವೂ ಕೇಳಿಸಲಿಲ್ಲ. ಅತ್ತೆಯ ಕಾಲಿಗೆ ನಮಸ್ಕಾರ ಮಾಡಲು ಸುಮಾ ಬಗ್ಗಿದಳು.

ನಾನು ಓಡಿಹೋಗಿ ಶೆಡ್ಡಿನ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದುಬಿಟ್ಟೆ.

ನಮ್ಮ ಮನೆಯಲ್ಲಿ ಕರೆಂಟಿರುವಾಗ ಮಗ್ಗ ನಿಲ್ಲಿಸಿದ್ದನ್ನು ನಾನು ಕಂಡಿರಲಿಲ್ಲ. "ಯಾವಳೇ ಅದು ಸ್ವಿಚ್ ಎಳೆದಿದ್ದು? ಸೀರೆ ಮಧ್ಯೆ ಗೆರೆ ಬೀಳುತ್ತೆ ಕಣೇ, ತಲೆ ಕೆಟ್ಟೈತಾ ನಿಂಗೆ?" ಎಂದು ನಮ್ಮವರು ಕೂಗಾಡಿಕೊಂಡು ಬಂದರು.

"ಕೆಟ್ಟೈತೆ. ಸ್ವಲ್ಪ ಹೊತ್ತು ಸುಮ್ನಿರಿ" ಎಂದು ನಾನೂ ಕೂಗಿದೆ. ಆಮೇಲೆ ಪುಸ್ತಕ ತಂದು ಅತ್ತೆಯ ಮುಂದೆ ಕೂತು ಹೇಳಿದೆ. "ಅತ್ತೆ, ಅವತ್ತು ನಾನು ಓದಿದ್ದು ಸುಳ್ಳು. ವಸುಮತಿ ಯಾವ ಕಾಗದನೂ ಬರೀಲಿಲ್ಲ. ಅದು ನಾನು ಕಟ್ಟಿದ್ದು. ಈಗ ಸರಿಯಾಗಿ ಓದ್ತೀನಿ, ಕೇಳಿ."

ನಮ್ಮವರು ಸ್ವಿಚ್ಚಿನ ಕಡೆ ಹೊರಟರು. ಅತ್ತೆ, "ಇರ್ಲಿ ಬಿಡೋ ಮಂಜ. ಮಗ್ಗ ಒಂದಿನ ನಿಂತ್ರೆ ಏನಾಯ್ತು" ಎಂದರು. ಆಮೇಲೆ ನನ್ನನ್ನು ನೋಡಿ, "ನಂಗೊತ್ತಿತ್ತು. ಅಷ್ಟೊತ್ತು ಓದ್ದೆ, ಒಂದು ಹಾಳೆನೂ ತಿರುಗಿಸ್ಲಿಲ್ಲ ನೀನು" ಎಂದರು.

"ಮತ್ತೆ ಯಾಕೆ ಕೇಳ್ಲಿಲ್ಲ ಅತ್ತೆ?"

"ಅದ್ರಲ್ಲಿ ಏನೈತೋ ಅಂತ ನಂಗೂ ಹೆದ್ರಿಕೆ ಆಯ್ತು."

ಓದಿದೆ. ಅವತ್ತು ಯಾವ ಗಂಟಲೂ ಮಾಡಲಿಲ್ಲ. ವಸುಮತಿ ಅಪ್ಪಣೆ ಕೇಳಿದಳು. ಪದ್ಮಾವತಮ್ಮ ಒಂದು ನಿಮಿಷ ಸುಮ್ಮನಿದ್ದು ಅವಳನ್ನು ಎದೆಗೆ ಅಪ್ಪಿಕೊಂಡರು. 'ಇವತ್ತಿನಿಂದ ನೀನು ನನ್ನ ಮಗಳು, ನಾನೇ ನಿಂತು ಮದುವೆ ಮಾಡುತ್ತೇನೆ' ಎಂದರು. ಓದಿ ನಿಲ್ಲಿಸಿದೆ. ಸುಮಾ ಬ್ಯಾಗಿನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದಳು.

"ಸುಳ್ಳು" ಎಂದರು ಅತ್ತೆ.

ಎಲೆಅಡಿಕೆಯ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದರು.

"ಇದನ್ನ ಬರ್ದೋರು ಯಾರೋ, ಅವ್ರು ಮಗನ್ನ ಕಳ್ಕೊಂಡೋರಲ್ಲ. ಒಂದು ನಿಮಿಷದಲ್ಲಿ ಒಪ್ಕೊಳೋದಾ? ಆ ಹುಡ್ಗಿ ಹೋದ್ರೆ ಮನೇಲಿ ಈ ಪದ್ಮಾವತಮ್ಮಂಗೆ ಮಗನ್ನ ನೆನೆಸ್ಕೊಂಡು ಅಳೋಕೆ ಜೊತೆಗೆ ಯಾರವ್ರೆ? ಇವ್ಳು ಅಳ್ತಾಳೆ. ದೇವ್ರನ್ನ ಬೈತಾಳೆ, ಆ ಹುಡ್ಗೀನೂ ಬೈತಾಳೆ. ಊಟ ಬಿಡ್ತಾಳೆ. ಒಂದು ತಿಂಗಳಾದ್ರೂ ಬೇಕು ಕಣೇ."

"ಆಮೇಲೆ?" ಎಂದು ಕೇಳಿದವಳು ಸುಮಾ.

ಅತ್ತೆ ಅವಳ ಕಡೆ ತಿರುಗಿದರು. "ಆಮೇಲೇನು, ಒಪ್ಕೋತಾಳೆ. ಒಪ್ದೆ ಎಲ್ಲೋಗ್ತಾಳೆ." ಮತ್ತೆ ಅವರೇ, "ಯಾರೇ ಅವ್ನು? ಆ ಮಗ್ಗದ ಪ್ರಕಾಶನಾ? ಅವ್ನು ಬರಲ್ಲ ಅಂತ ಬೇರೆಯವ್ನನ್ನ ಕಳಿಸ್ದಾಗ್ಲೇ ಅಂದ್ಕೊಂಡೆ. ಆ ಬ್ಯಾಗು ಒಳಗಿಡು. ನಂಗೆ ಟೈಮ್ ಬೇಕು" ಎಂದರು. ನಮ್ಮವರು ಬಾಯಿ ತೆರೆದುಕೊಂಡು ನಿಂತಿದ್ದರು. ಇಡೀ ಮನೆಯಲ್ಲಿ ನನಗಿಂತ ದಡ್ಡರು ಇನ್ನೊಬ್ಬರಿದ್ದಾರಲ್ಲ ಎಂದು ನನಗೆ ಆ ಸಂಕಟದಲ್ಲೂ ಸಮಾಧಾನವಾಯಿತು.

ಅತ್ತೆ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಮಾಡಿದರು. ಅತ್ತರು. ದೇವರ ಮನೆಯ ಮುಂದೆ ಕೂತು ಬೈದರು. ಸುಮಾಳನ್ನು ಬೈದರು, ಪುಸ್ತಕ ಓದಿದ್ದಕ್ಕೆ ನನ್ನನ್ನು ಬೈದರು. ಎರಡು ಹೊತ್ತು ಊಟ ಬಿಟ್ಟರು, ಮೂರನೇ ಹೊತ್ತಿಗೆ ಸುಮಾ ತಟ್ಟೆ ಹಿಡಿದು ಪಕ್ಕದಲ್ಲೇ ಕೂತಾಗ ತಿಂದರು. ತಿಂಗಳು ಅಂದದ್ದು ಒಂದೂವರೆ ತಿಂಗಳಾಯಿತು. ಆಮೇಲೆ ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ, "ಮಂಜ, ಆ ಪ್ರಕಾಶನ ಮನೆಯವ್ರನ್ನ ಬರೋಕೆ ಹೇಳು" ಎಂದರು, ಅಷ್ಟೇ. ಸುಮಾ ಅಡುಗೆಮನೆಗೆ ಓಡಿಬಂದು ನನ್ನನ್ನು ತಬ್ಬಿಕೊಂಡಳು. ನಾವಿಬ್ಬರೂ ಒಲೆಯ ಮುಂದೆ ನಿಂತು ಅತ್ತೆವು, ಹಾಲು ಉಕ್ಕಿಹೋಯಿತು. ಪುಟ್ಟತಾಯಮ್ಮ ಏನಂದಾರೋ ಎಂದು ನನಗೆ ಹೆದರಿಕೆಯಿತ್ತು. ಅವರು ನಾಲ್ಕು ದಿನ ನಮ್ಮ ಹೊಸ್ತಿಲು ತುಳಿಯಲಿಲ್ಲ. ಐದನೇ ದಿನ ಬಂದು, "ಆ ವಸುಮತೀನೂ ಮಾಡ್ಕೊಂಡ್ಳಂತಲ್ಲ, ಬಿಡು" ಅಂದರು. ಎದುರು ಮನೆಯ ಹುಡುಗಿಯ ವಿಷಯದಲ್ಲಿ ಒಪ್ಪಲಾರದ್ದನ್ನು ಪುಸ್ತಕದ ಹುಡುಗಿಯ ಹೆಸರಿನಲ್ಲಿ ಒಪ್ಪಿಕೊಂಡರು.

ಮದುವೆ ರಿಜಿಸ್ಟರ್ ಆಫೀಸಿನಲ್ಲಿ ಆಯಿತು. ಸುಮಾಳ ತಾಯಿ, ಅಣ್ಣ ಜಡಿಗೇನಹಳ್ಳಿಯಿಂದ ಬಂದಿದ್ದರು. ಪ್ರಕಾಶನ ತಾಯಿಯೂ ಇದ್ದರು. ಸಾಕ್ಷಿ ಹಾಕುವವರ ಪೈಕಿ ಅತ್ತೆಯೂ ಒಬ್ಬರು. ಅಲ್ಲಿದ್ದ ಗುಮಾಸ್ತರು ಒಳ್ಳೆಯ ಮನುಷ್ಯ, ಫಾರಂ ತುಂಬುತ್ತ ಕೇಳಿದರು. "ಅಜ್ಜಿ, ಹುಡುಗಿಗೆ ನೀವೇನಾಗ್ಬೇಕು?"

"ಅತ್ತೆ."

"ಹಾಗಾದ್ರೆ ಹುಡುಗನ ತಾಯಿನಾ?"

"ಅಲ್ಲಪ್ಪ, ಹುಡುಗನ ತಾಯಿ ಅಲ್ಲಿ ಕೂತವ್ರಲ್ಲ."

ಗುಮಾಸ್ತರು ಪೆನ್ನು ಎತ್ತಿ ಹಿಡಿದು ಗೊಂದಲದಲ್ಲಿ ನಮ್ಮನ್ನೆಲ್ಲ ನೋಡಿದರು. ನಾನು ಬಾಯಿ ಹಾಕಿದೆ. "ಸಾರ್, ತಾಯಿ ಇದ್ದ ಹಾಗೆ. ತಾಯಿ ಅಂತಲೇ ಬರ್ಕೊಳಿ."

ಅತ್ತೆ ನನ್ನ ಕೈಯನ್ನು ಮೆಲ್ಲಗೆ ಸರಿಸಿದರು. "ಬೇಡಪ್ಪ. ಅವ್ಳ ತಾಯಿ ಬಂದವ್ರೆ, ಅವ್ರ ಜಾಗ ನಂಗ್ಯಾಕೆ. ಇವ್ಳು ನನ್ ಸೊಸೆ, ನನ್ ಮಗನ ಹೆಂಡ್ತಿ. ಅವ್ನಿಲ್ಲ. ಅದಕ್ಕೆ ಕಳಿಸ್ಕೊಡೋಕೆ ನಾನೇ ಬಂದಿದೀನಿ. ಹಂಗೇ ಬರ್ಕೊ."

ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. ಸುಮಾ ಗೋಡೆಯ ಕಡೆ ತಿರುಗಿ ನಿಂತಳು. ಅತ್ತೆ ಮಾತ್ರ ಅಳಲಿಲ್ಲ, ಹೆಬ್ಬೆಟ್ಟಿಗೆ ಶಾಯಿ ಹಚ್ಚಿಸಿಕೊಂಡು ಗಟ್ಟಿಯಾಗಿ ಒತ್ತಿದರು.

ಸುಮಾ ಈಗ ನೆಲಮಂಗಲದಲ್ಲಿದ್ದಾಳೆ. ಪ್ರಕಾಶನಿಗೆ ಸೋಂಪುರದ ಒಂದು ಫ್ಯಾಕ್ಟರಿಯಲ್ಲಿ ಮೆಷಿನ್ ರಿಪೇರಿ ಕೆಲಸ. ಚಂದ್ರುವಿನ ತಿಥಿಗೆ ಇಬ್ಬರೂ ಬರುತ್ತಾರೆ, ಆ ದಿನದ ಅಡುಗೆ ಅವಳೇ ಮಾಡುತ್ತಾಳೆ. ಅತ್ತೆಗೆ ಅತ್ತುಕೊಳ್ಳಲು ಅವಳು ಬೇಕು. ಅತ್ತೆಗೆ ಇದನ್ನೆಲ್ಲ ತಡೆದುಕೊಳ್ಳುವ ಶಕ್ತಿಯಿಲ್ಲವೆಂದು ಅವರನ್ನು ಒಂದು ಮಾತೂ ಕೇಳದೆ ತೀರ್ಮಾನ ಮಾಡಿದವಳು ನಾನು. ಅದೊಂದು ಮಾತು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಇನ್ನೊಂದು ಹತ್ತು ನಿಮಿಷ ನಾನು ಸುಮ್ಮನೆ ಕೂತಿದ್ದರೂ ಸುಮಾ ಬಸ್ಸು ಹತ್ತಿಬಿಡುತ್ತಿದ್ದಳು. ಹಾಗಾಗಿದ್ದರೆ, ಅವಳು ಯಾಕೆ ಹೋದಳೆಂದು ಅತ್ತೆ ಇವತ್ತಿಗೂ ನನ್ನನ್ನೇ ಕೇಳುತ್ತಿದ್ದರು.